ಕ್ಲೋರೇಟ್ ಕೋಶದಲ್ಲಿ ಕ್ರೋಮಿಯಂನ ಸ್ಥಾನ

ಕಾಗದದ ತಿರುಳನ್ನು ಬಿಳಿಚಿಸುವ ಕ್ಲೋರಿನ್ ಡೈಆಕ್ಸೈಡ್ ತಯಾರಿಕೆಗೆ ಬೇಕಾದ ಸೋಡಿಯಂ ಕ್ಲೋರೇಟನ್ನು ಕಾರ್ಖಾನೆಗಳು ಕೋಶವೆಂಬ ತೊಟ್ಟಿಯಲ್ಲಿ ಉಪ್ಪುನೀರಿನ ಮೂಲಕ ವಿದ್ಯುತ್ ಹರಿಸಿ, ಅಂದರೆ ವಿದ್ಯುದ್ವಿಭಜನೆಯಿಂದ ಪಡೆಯುತ್ತವೆ. ಈ ಉದ್ಯಮದಲ್ಲಿ ವಿದ್ಯುತ್ತಿನ ವೆಚ್ಚವೇ ದೊಡ್ಡದಾದ್ದರಿಂದ, ದ್ರಾವಣಕ್ಕೆ ಬೆರೆಸುವ ಸಹಾಯಕ ಲವಣದ ಆಯ್ಕೆ ಬಹಳ ಮುಖ್ಯವಾಗುತ್ತದೆ.

ದಶಕಗಳಿಂದ ಆ ಸ್ಥಾನದಲ್ಲಿರುವುದು ಸೋಡಿಯಂ ಡೈಕ್ರೋಮೇಟ್. ಅದು ಋಣದ್ವಾರದ (ಕ್ಯಾಥೋಡ್) ಮೇಲೆ ಕ್ರೋಮಿಯಂ ಹೈಡ್ರಾಕ್ಸೈಡಿನ ಅತಿ ತೆಳುವಾದ ಪೊರೆಯನ್ನು ಕಟ್ಟುತ್ತದೆ. ಜರಡಿಯಂತೆ ವರ್ತಿಸುವ ಈ ಪೊರೆ ಜಲಜನಕದ ಬಿಡುಗಡೆಗೆ ಅವಕಾಶ ಕೊಟ್ಟು, ಕಷ್ಟಪಟ್ಟು ತಯಾರಾದ ಹೈಪೋಕ್ಲೋರೈಟ್ (ಕ್ಲೋರೇಟ್ ಆಗುವ ಮೊದಲಿನ ಹಂತದ ವಸ್ತು) ಮತ್ತು ಕ್ಲೋರೇಟ್ ಮರಳಿ ಕ್ಲೋರೈಡ್ ಆಗುವುದನ್ನು ತಡೆಯುತ್ತದೆ. ಜೊತೆಗೆ ದ್ರಾವಣದ ಆಮ್ಲೀಯತೆಯನ್ನೂ ಸ್ಥಿರವಾಗಿಡುತ್ತದೆ. ಒಂದೇ ಲವಣ ಇಷ್ಟೆಲ್ಲ ಮಾಡುವುದರಿಂದಲೇ ಅದಕ್ಕೆ ಬದಲಿ ಹುಡುಕುವುದು ಕಠಿಣವಾಗಿದೆ.

ಆದರೆ ಡೈಕ್ರೋಮೇಟಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ ನಂತರ ವಿಶೇಷ ಅನುಮತಿಯಿಲ್ಲದೆ ಡೈಕ್ರೋಮೇಟನ್ನು ಬಳಸುವಂತಿಲ್ಲ. ಅದಕ್ಕೆ ಬದಲಿಯಾಗಿ ಮಾಲಿಬ್ಡೇಟ್ (ಮಾಲಿಬ್ಡಿನಂ ಲೋಹದ ಲವಣ) ಹಾಗೂ ಇಟ್ರಿಯಂನಂತಹ ವಿರಳ ಭಸ್ಮ ಲೋಹಗಳ ಲವಣಗಳನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಪ್ರಯೋಗಾಲಯದ ದಕ್ಷತೆಯ ಅಂಕಿಯೊಂದನ್ನೇ ನೋಡಿ ಇವುಗಳನ್ನು ಮೆಚ್ಚುವುದು ಅವಸರವೆಂದೇ ನನ್ನ ಅನಿಸಿಕೆ. ಏಕೆಂದರೆ ಸಹಾಯಕ ಲವಣವೇ ಹೈಪೋಕ್ಲೋರೈಟಿನ ವಿಘಟನೆಗೆ ವೇಗ ಕೊಟ್ಟರೆ ಆಮ್ಲಜನಕ ಹೆಚ್ಚುತ್ತದೆ, ಅದು ಕೋಶದಿಂದ ಹೊರಬರುವ ಜಲಜನಕದೊಡನೆ ಸೇರಿ ಸ್ಫೋಟದ ಅಪಾಯವನ್ನು ತರುತ್ತದೆ. ಲವಣವನ್ನು ಬಿಟ್ಟು ಋಣದ್ವಾರಕ್ಕೇ ಶಾಶ್ವತ ಲೇಪನ ಕೊಡುವ ಪ್ರಯತ್ನಗಳೂ ನಡೆದಿವೆ. ಗ್ರಾಫೈಟ್ ಧನದ್ವಾರಗಳನ್ನು (ಆನೋಡ್) ಲೇಪಿತ ಟೈಟಾನಿಯಂ ಬದಿಗೊತ್ತಿದ ಇತಿಹಾಸವನ್ನು ನೆನೆದರೆ, ನನಗೆ ಈ ದಾರಿಯೇ ಹೆಚ್ಚು ಭರವಸೆಯದಾಗಿ ಕಾಣುತ್ತದೆ.