ಸಿಂಧನೂರಿನ ಕ್ಯಾಂಪುಗಳಲ್ಲಿ ಕಾಗದದ ಚಿಂತೆ

ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. ಕ್ಯಾಂಪುಗಳಿಗೆ, ಅಂದರೆ ಪುನರ್ವಸತಿ ಕ್ಯಾಂಪುಗಳಿಗೆ, ಮೊದಲ ಸಲ ಹೋದವರಿಗೆ ಇದು ರಾಯಚೂರು ಜಿಲ್ಲೆಯೇ ಎಂಬ ಅನುಮಾನ ಬರುತ್ತದೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಭಯದಲ್ಲಿ ಗಡಿ ದಾಟಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ತುಂಗಭದ್ರಾ ಎಡದಂಡೆ ನಾಲೆಯ ಸೀಮೆಯಲ್ಲಿ ನೆಲೆ ಕೊಟ್ಟಿತು. ಗಂಗೆ, ಪದ್ಮೆಯರ ನೀರು ಕಂಡವರಿಗೆ ನಮ್ಮ ಎರೆಭೂಮಿಯ ಬಿಸಿಲು ಹೇಗೆ ಕಂಡಿರಬೇಕೋ!

ಕಳೆದ ತಿಂಗಳು ಅಲ್ಲಿ ಮೀನು ಮಾರುತ್ತಿದ್ದ ಅಜ್ಜಿಯೊಬ್ಬರು ಈಳಿಗೆಮಣೆಯ ಮೇಲೆ ಮೀನು ಸೀಳುತ್ತ, "ಎಷ್ಟ್ ಬೇಕ್ರೀ ಯಪ್ಪಾ?" ಎಂದು ಕೇಳಿ, ಮರುಕ್ಷಣ ಮೊಮ್ಮಗನನ್ನು ಬಂಗಾಳಿಯಲ್ಲಿ ಗದರಿದರು. ಭಾಷೆ ಅವರಿಗೆ ತೊಡಕಾಗಿ ಉಳಿದಿಲ್ಲ; ತೊಡಕಿರುವುದು ಕಾಗದದಲ್ಲಿ.

ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ಪೌರರು; ಆನಂತರ ಹುಟ್ಟಿದವರ ವಿಷಯದಲ್ಲಿ ತಂದೆತಾಯಿಯ ಪೌರತ್ವದ ಪ್ರಶ್ನೆ ಏಳುತ್ತದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ ಮೊದಲಾದ ಆರು ಸಮುದಾಯದವರಿಗೆ ದಾರಿ ತೆರೆಯಿತಾದರೂ ಮುಸ್ಲಿಮರನ್ನು ಹೊರಗಿಟ್ಟಿತು. ಅದು ನನಗೆ ಸರಿ ಕಾಣುವುದಿಲ್ಲ. ಇನ್ನು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆನಿಸಿದ ನಾಮಶೂದ್ರರು ಕರ್ನಾಟಕದ ಪಟ್ಟಿಯಲ್ಲಿಲ್ಲದ ಕಾರಣ, ಆ ಸಮುದಾಯದ ಕ್ಯಾಂಪಿನ ಮಕ್ಕಳು ಕಾಲೇಜಿನ ಅರ್ಜಿಯಲ್ಲಿ ಜಾತಿಯ ಕಾಲಂ ಬಂದಾಗ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ.