ವಾಚನಾಲಯದ ಹಳೇ ಪಿಸಿಗಳು: ಮೂರನೇ ವಾರ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯಕ್ಕೆ ಬಂದ ಆರು ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಮೂರು ಕಳೆದ ವಾರವೇ ಸರಿಹೋದವು. ಈ ವಾರ ಉಳಿದ ಮೂರರ ಜೊತೆ ಗುದ್ದಾಟ.

ಶನಿವಾರ

ಇಲ್ಲಿಯವರೆಗೆ ಪರೀಕ್ಷೆಗಳನ್ನೆಲ್ಲ ವಿಂಡೋಸ್‌ನೊಳಗೇ ಮಾಡುತ್ತಿದ್ದೆ. ಅದನ್ನು ಬಿಟ್ಟೆ. ಯಂತ್ರ ನಡುವೆಯೇ ಹೆಪ್ಪುಗಟ್ಟಿದರೆ ತಪ್ಪು ವಿಂಡೋಸಿನದೋ, ಡ್ರೈವರಿನದೋ, ರ್‍ಯಾಮಿನದೋ ತಿಳಿಯುವುದಿಲ್ಲ. ಮೇಲಾಗಿ, ವಿಂಡೋಸ್ ರ್‍ಯಾಮಿನಲ್ಲಿ, ಅಂದರೆ ಯಂತ್ರದ ಕೆಲಸದ ಮೆಮೊರಿಯಲ್ಲಿ, ತಾನು ಕೂತಿರುವ ಭಾಗವನ್ನು ಪರೀಕ್ಷೆಗೆ ಬಿಟ್ಟುಕೊಡುವುದಿಲ್ಲ. ಈಗ ಒಂದು ಪೆನ್‌ಡ್ರೈವಿಗೆ ವೆಂಟಾಯ್ (ಐಎಸ್‌ಒ, ಅಂದರೆ ಡಿಸ್ಕಿನ ಪಡಿಯಚ್ಚು ಫೈಲುಗಳಿಂದ, ವಿಂಡೋಸ್ ಇಲ್ಲದೆಯೇ ಯಂತ್ರ ಶುರುಮಾಡಿಸುವ ಸಾಧನ) ಹಾಕಿ, ಅದರೊಳಗೆ ಮೆಮ್‌ಟೆಸ್ಟ್86+ (ರ್‍ಯಾಮ್ ಪರೀಕ್ಷೆ) ಮತ್ತು ಸಿಸ್ಟಮ್‌ರೆಸ್ಕ್ಯೂ (ದುರಸ್ತಿ ಉಪಕರಣಗಳಿರುವ ಲಿನಕ್ಸ್) ಐಎಸ್‌ಒ ಫೈಲುಗಳನ್ನು ಇಟ್ಟುಕೊಂಡಿದ್ದೇನೆ. 'ಪ್ಲಸ್' ಇಲ್ಲದ ಮೆಮ್‌ಟೆಸ್ಟ್86 ಬೇರೆಯದೇ. ಅದರ ಉಚಿತ ಆವೃತ್ತಿ ನಾಲ್ಕು ಸುತ್ತಿಗೆ ನಿಲ್ಲುತ್ತದೆ. ಪ್ಲಸ್ ಇರುವುದು ಮುಕ್ತ ತಂತ್ರಾಂಶ, ನಾವು ನಿಲ್ಲಿಸುವ ತನಕ ಓಡುತ್ತದೆ. ರಾತ್ರಿಯಿಡೀ ಬಿಡುವ ನನಗೆ ಅದೇ ಅನುಕೂಲ.

ಭಾನುವಾರ, ಮೂರನೇ ಪಿಸಿ

ಮೊದಲ ಎರಡು ಸುತ್ತು ಚೊಕ್ಕವಾಗಿದ್ದವು. ಬೆಳಗಾಗುವಷ್ಟರಲ್ಲಿ ಎರರ್‌ಗಳ ಸಾಲೇ ಇತ್ತು. ಎರಡೇ ಸುತ್ತಿಗೆ ನಿಲ್ಲಿಸಿದ್ದರೆ ಈ ಯಂತ್ರವನ್ನೂ ಸರಿಯೆಂದು ಬರೆದುಬಿಡುತ್ತಿದ್ದೆ.

"ಕಾಕಾ, ರ್‍ಯಾಮ್ ಹೋಗೇತಿ ಬಿಡ್ರಿ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ತಂದುಬಿಡ್ತೀನಿ" ಎಂದ ಪಕ್ಕದ ಮನೆಯ ಹುಡುಗ.

"ತಡೀಪಾ, ಸ್ಟಿಕ್ ಕೆಟ್ಟೇತೋ ಸ್ಲಾಟ್ ಕೆಟ್ಟೇತೋ ಮೊದಲ ನೋಡೂಣು."

4 ಜಿಬಿಯ ಎರಡು ಡಿಡಿಆರ್3 ಸ್ಟಿಕ್, ಎರಡು ಸ್ಲಾಟ್. ಒಂದೊಂದೇ ಸ್ಟಿಕ್ಕನ್ನು ಎರಡೂ ಸ್ಲಾಟಿನಲ್ಲಿ ಹಾಕಿ ನಾಲ್ಕು ಸಲ ಓಡಿಸಿದೆವು. ಮೊದಲ ಸ್ಲಾಟಿನಲ್ಲಿ ಎರಡೂ ಪಾಸು, ಎರಡನೆಯದರಲ್ಲಿ ಎರಡೂ ಫೇಲು. ಹೊಸ ರ್‍ಯಾಮ್ ತಂದಿದ್ದರೆ ದುಡ್ಡೂ ಹೋಗಿ ದೋಷವೂ ಉಳಿಯುತ್ತಿತ್ತು. ಸಾಫ್ಟ್‌ವೇರ್ ಹೇಳಿದ್ದು ಮೆಮೊರಿಯ ಯಾವ ವಿಳಾಸದಲ್ಲಿ ತಪ್ಪಾಯಿತೆಂದು ಮಾತ್ರ. ದೋಷ ಇರುವ ಭಾಗವನ್ನು ಹಿಡಿದುಕೊಟ್ಟದ್ದು ಈ ಅದಲುಬದಲು. ಇಲ್ಲಿಯ ಮಳೆಗಾಲದ ತೇವ, ಮೇಲೆ ವರ್ಷಗಳ ಧೂಳು. ಸ್ಲಾಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಸ್ಟಿಕ್ಕಿನ ಬಂಗಾರದ ಪಟ್ಟಿಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಆ ರಾತ್ರಿ ಒಂಬತ್ತು ತಾಸು ಒಂದೂ ಎರರ್ ಇಲ್ಲ. ಬೆಳಿಗ್ಗೆ ಆ ಸೊನ್ನೆ ನೋಡಿ ಆದ ಖುಷಿ ಸಣ್ಣದಲ್ಲ.

ಬುಧವಾರ, ಐದನೇ ಪಿಸಿ

ಫೈಲ್ ನಕಲು ಮಾಡುವಾಗ ತೆವಳುತ್ತಿತ್ತು. ಸ್ಮಾರ್ಟ್‌ಸಿಟಿಎಲ್ (ಡಿಸ್ಕಿನ ಆರೋಗ್ಯ ತೋರಿಸುವ ಉಪಕರಣ) ವರದಿಯಲ್ಲಿ ನಾನು ಮೊದಲು ನೋಡುವುದು 5 ಮತ್ತು 197ನೇ ಸಾಲು: ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಎರಡೂ ಸೊನ್ನೆ. ಆದರೆ 199ರಲ್ಲಿ 287 ಇತ್ತು. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಾಟದಲ್ಲಿ ಕೆಟ್ಟ ಡೇಟಾದ ಲೆಕ್ಕ. ದೊಡ್ಡದೊಂದು ಫೋಲ್ಡರ್ ನಕಲು ಮಾಡಿದೆ: 312. ಅವೆರಡನ್ನೂ ಜೋಡಿಸುವ ಸಾಟಾ ಕೇಬಲ್ ಬದಲಿಸಿ ಅದೇ ಫೋಲ್ಡರನ್ನು ಮತ್ತೆ ನಕಲು ಮಾಡಿದೆ: 312ರಲ್ಲೇ ನಿಂತಿತು. ಈ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂಬುದನ್ನೇ ನೋಡಬೇಕು. ಅದಕ್ಕೇ ಪ್ರತಿ ಸಲವೂ ವಹಿಯಲ್ಲಿ ಬರೆದಿಡುತ್ತೇನೆ. ಬ್ಯಾಡ್‌ಬ್ಲಾಕ್ಸ್ (ಡಿಸ್ಕನ್ನೆಲ್ಲ ಜಾಲಾಡುವ ಪರೀಕ್ಷೆ) ಬೇಕಾಗಲಿಲ್ಲ. ಅದನ್ನು ಡಬ್ಲ್ಯೂ ಆಯ್ಕೆ ಕೊಟ್ಟು ಓಡಿಸಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಹುಡುಗನಿಗೆ ಎರಡು ಸಲ ಹೇಳಿದ್ದೇನೆ.

ಶುಕ್ರವಾರ, ಆರನೇ ಪಿಸಿ

ರ್‍ಯಾಮ್, ಡಿಸ್ಕ್ ಎರಡೂ ಪಾಸಾದ ಮೇಲೆಯೇ ವಿಂಡೋಸಿಗೆ ಬಂದು ಪ್ರೈಮ್95 (ಸಿಪಿಯುವಿಗೆ ಪೂರ್ತಿ ಹೊರೆ ಕೊಡುವ ಪರೀಕ್ಷೆ) ಹಚ್ಚಿದೆ, ಪಕ್ಕದಲ್ಲಿ ಕಾವು, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ. ಸಿಪಿಯು 71 ಡಿಗ್ರಿ ಇದ್ದಾಗಲೇ ಪಟ್ ಅಂತ ಆಫ್. ಮೂರು ಸಲವೂ ಹಾಗೇ. ಕಾವಿನ ಕಾಟವಲ್ಲ, ಪವರ್ ಸಪ್ಲೈ ಮೇಲೆಯೇ ಅನುಮಾನ. ಪರದೆಯ ಮೇಲೆ ತೋರುವ ವೋಲ್ಟೇಜ್ ಬೋರ್ಡಿನ ಸೆನ್ಸರಿನದು, ಅದನ್ನು ನಾನು ನೆಚ್ಚುವುದಿಲ್ಲ. ಮಲ್ಟಿಮೀಟರ್ ಹಿಡಿದೆ. 12 ವೋಲ್ಟಿನ ಸಾಲು 11.4ರಿಂದ 12.6ರೊಳಗೆ ಇರಬೇಕು; ಸುಮ್ಮನಿದ್ದಾಗ 11.9, ಪ್ರೈಮ್95 ಶುರುವಾದೊಡನೆ 11.2.

ನಾಳೆ ನಾಲ್ಕನೇ ಪಿಸಿಯ ಪವರ್ ಸಪ್ಲೈ ಬಿಚ್ಚಿ ಇದಕ್ಕೆ ಹಾಕಿ ನೋಡುತ್ತೇನೆ. ಬೇರೇನನ್ನೂ ಮುಟ್ಟುವುದಿಲ್ಲ.