ಗೇಟ್‌ನ ಇಫ್-ದೆನ್ ಪ್ರಶ್ನೆಗಳು: ಮಾತು ಎಲ್ಲಿ ಮುರಿಯುತ್ತದೆ ಅಂತ ನೋಡಿ

ಇಂಜಿನಿಯರಿಂಗ್ ಓದಿದವರು ಎಂ.ಟೆಕ್‌ಗೆ ಅಂತ ಬರೆಯುವ ಗೇಟ್ ಪರೀಕ್ಷೆಯ 100 ಅಂಕಗಳಲ್ಲಿ 15 ಅಂಕ ಜನರಲ್ ಆಪ್ಟಿಟ್ಯೂಡ್‌ನದ್ದು, ಅಂದರೆ ಭಾಷೆ, ಲೆಕ್ಕ, ತರ್ಕದ್ದು. ನಿಮ್ಮದು ಸಿವಿಲ್ ಇರಲಿ, ಮೆಕ್ಯಾನಿಕಲ್ ಇರಲಿ, ಕಂಪ್ಯೂಟರ್ ಸೈನ್ಸ್ ಇರಲಿ, ಈ ಭಾಗ ಇದ್ದೇ ಇರುತ್ತದೆ: ಒಂದು ಅಂಕದ 5 ಪ್ರಶ್ನೆ, ಎರಡು ಅಂಕದ 5. ತಿಂಗಳುಗಟ್ಟಲೆ ಕೂತು ಥರ್ಮೋಡೈನಮಿಕ್ಸ್ ಅರೆದು ಕುಡಿದವರೂ ಇದನ್ನು ಮಾತ್ರ ಕೊನೇ ವಾರಕ್ಕೆ ತಳ್ಳುತ್ತಾರೆ. ನನಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಏಕೆಂದರೆ ಇಲ್ಲಿನ 'ಹೀಗಾದರೆ ಹಾಗೆ' ಅನ್ನುವ ಜಾತಿಯ ಪ್ರಶ್ನೆಗಳಿಗೆ ಬೇಕಿರುವುದು ಒಂದೇ ಒಂದು ಯೋಚನೆ, ಅದು ತಲೆಗೆ ಹತ್ತಿದರೆ ಆಮೇಲೆ ಬಾಯಿಪಾಠ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಆ ಯೋಚನೆ ಇಷ್ಟೇ. ಒಂದು 'ಹೀಗಾದರೆ ಹಾಗೆ' ಮಾತು ಕೊಟ್ಟಾಗ, ಅದು ಯಾವಾಗ ನಿಜ ಅಂತ ಹುಡುಕಬೇಡಿ. ಯಾವಾಗ ಸುಳ್ಳಾಗುತ್ತದೆ ಅಂತ ಹುಡುಕಿ.

"ಕರೆಂಟ್ ಹೋದರೆ ಜನರೇಟರ್ ಶುರುವಾಗುತ್ತದೆ" ಅಂತ ಹಾಸ್ಟೆಲ್‌ನವರು ಹೇಳಿದ್ದಾರೆ ಅಂತಿಟ್ಟುಕೊಳ್ಳಿ. ಇದು ಸುಳ್ಳಾಗುವುದು ಯಾವಾಗ? ಕರೆಂಟ್ ಹೋಗಿದೆ, ಜನರೇಟರ್ ಶುರುವಾಗಿಲ್ಲ. ಅಷ್ಟೇ, ಬೇರೆ ಯಾವ ಸಂದರ್ಭದಲ್ಲೂ ಈ ಮಾತು ಮುರಿಯುವುದಿಲ್ಲ. ಕರೆಂಟ್ ಇದೆ, ಜನರೇಟರ್ರೂ ಓಡುತ್ತಿದೆ: ಯಾರೋ ಟೆಸ್ಟ್ ಮಾಡುತ್ತಿರಬಹುದು, ಹಾಸ್ಟೆಲ್‌ನವರ ಮಾತಿಗೆ ಏನೂ ಆಗಿಲ್ಲ. ಕರೆಂಟ್ ಹೋಗಲೇ ಇಲ್ಲ: ಮಾತಿನ ಪರೀಕ್ಷೆಯೇ ನಡೆದಿಲ್ಲ, ಮುರಿಯುವುದು ದೂರದ ಮಾತು. ಹಾಗಾದರೆ ಜನರೇಟರ್ ಶಬ್ದ ಕೇಳಿ "ಓ ಕರೆಂಟ್ ಹೋಗಿದೆ" ಅನ್ನಬಹುದಾ? ದಿನನಿತ್ಯದಲ್ಲಿ ಅನ್ನುತ್ತೇವೆ, ಸರಿಯೂ ಇರುತ್ತದೆ. ಪರೀಕ್ಷೆಯಲ್ಲಿ ಅನ್ನುವ ಹಾಗಿಲ್ಲ. ಜನರೇಟರ್ ಸುಮ್ಮನಿದೆ ಅಂದರೆ ಕರೆಂಟ್ ಇದೆ ಅನ್ನಬಹುದಾ? ಧಾರಾಳವಾಗಿ ಅನ್ನಬಹುದು, ಕರೆಂಟ್ ಹೋಗಿದ್ದು ಅದು ಸುಮ್ಮನಿದ್ದರೆ ಕೊಟ್ಟ ಮಾತೇ ಮುರಿದಂತೆ. ಪುಸ್ತಕಗಳಲ್ಲಿ ಇದಕ್ಕೆ ಕಾಂಟ್ರಾಪಾಸಿಟಿವ್ ಅಂತ ಹೆಸರು. ಹೆಸರು ಮರೆತರೂ ನಡೆಯುತ್ತದೆ.

ನಮ್ಮ ಗಾದೆಯಲ್ಲೇ ಇದು ಇದೆ. ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತೇವಲ್ಲ. ಬೆಂಕಿ ಇಲ್ಲ ಅಂದರೆ ಹೊಗೆ ಇಲ್ಲ, ಅಂದರೆ ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇದೆ. ಎರಡೂ ಒಂದೇ ಮಾತು. ಹಾಗಂತ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದಾ? ನಮ್ಮ ನ್ಯಾಯಶಾಸ್ತ್ರದವರು, ಅಂದರೆ ಹಳೆಯ ಕಾಲದ ತರ್ಕಪಂಡಿತರು, ಇದನ್ನು ಶತಮಾನಗಳ ಹಿಂದೆಯೇ ಕೇಳಿಕೊಂಡು, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸಿ ಇಲ್ಲ ಅಂದಿದ್ದರು. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹಸಿ ಸೌದೆ ಇದ್ದರೆ ತಾನೇ ಹೊಗೆ! ಒಂದೇ ಒಂದು ಉದಾಹರಣೆ ಕೊಟ್ಟು ತಿರುಗುಮುರುಗು ವಾದವನ್ನು ಉರುಳಿಸುವ ಈ ರೀತಿ ನನಗೆ ತುಂಬಾ ಇಷ್ಟ, ಗೇಟ್‌ನಲ್ಲಿ ಬೇಕಾಗುವುದೂ ಇದೇ ರೀತಿ.

ಈ ತಿರುಗುಮುರುಗು ತಪ್ಪು ದಡ್ಡರು ಮಾಡುವ ತಪ್ಪು ಅಂದುಕೊಳ್ಳಬೇಡಿ. ಮಗುವಿಗೆ "ಊಟ ಮುಗಿಸಿದರೆ ಐಸ್‌ಕ್ರೀಂ" ಅಂದರೆ, ಮುಗಿಸದಿದ್ದರೆ ಐಸ್‌ಕ್ರೀಂ ಇಲ್ಲ ಅಂತ ಅದು ತಾನೇ ಅರ್ಥ ಮಾಡಿಕೊಳ್ಳುತ್ತದೆ. ನಾವು ಹೇಳಿರಲಿಲ್ಲ, ಆದರೆ ನಮ್ಮ ಉದ್ದೇಶ ಅದೇ ಆಗಿತ್ತು. ಗೈಸ್ ಮತ್ತು ಝ್ವಿಕಿ ಅನ್ನುವ ಇಬ್ಬರು ಭಾಷಾವಿಜ್ಞಾನಿಗಳು 1971ರಲ್ಲೇ ಇದರ ಬಗ್ಗೆ ಬರೆದಿದ್ದಾರೆ: ಜನ 'ಹೀಗಾದರೆ' ಅಂತ ಕೇಳಿದಾಗ 'ಹೀಗಾದರೆ ಮಾತ್ರ' ಅನ್ನುವುದನ್ನೂ ಸೇರಿಸಿಕೊಂಡೇ ಕೇಳುತ್ತಾರೆ. ಮನುಷ್ಯರ ನಡುವೆ ಮಾತು ಸಾಗುವುದೇ ಹೀಗೆ. ಪ್ರಶ್ನೆ ಪತ್ರಿಕೆ ಮಾತ್ರ ಬರೆದಷ್ಟನ್ನೇ ಹೇಳುತ್ತದೆ, ಅದರ ಮನಸ್ಸಿನಲ್ಲಿ ಇನ್ನೇನೂ ಇರುವುದಿಲ್ಲ. ತಪ್ಪು ಆಯ್ಕೆಗಳನ್ನು ಬರೆಯುವವರಿಗೆ ನಮ್ಮ ಈ ಅಭ್ಯಾಸ ಚೆನ್ನಾಗಿ ಗೊತ್ತು.

ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಇದನ್ನು ಗೇಟ್‌ಗೆ ಓದುವ ಎಲ್ಲರೂ ಒಮ್ಮೆ ಮಾಡಿ ನೋಡಲೇಬೇಕು. ನಾಲ್ಕು ಕಾರ್ಡ್. ಪ್ರತಿಯೊಂದರ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಮೇಲೆ ಕಾಣುವುದು ಇ, ಕೆ, 4, 7 (ಇಂಗ್ಲಿಷಿನ ಇ ಮತ್ತು ಕೆ). ನಿಯಮ: ಒಂದು ಬದಿ ಸ್ವರಾಕ್ಷರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ. ನಿಯಮ ನಿಜವಾ ಅಂತ ತಿಳಿಯಲು ಯಾವ ಯಾವ ಕಾರ್ಡ್ ತಿರುಗಿಸಲೇಬೇಕು? ಹೆಚ್ಚಿನವರು ಇ ಮತ್ತು 4 ಅನ್ನುತ್ತಾರೆ. ಸರಿ ಉತ್ತರ ಇ ಮತ್ತು 7. 4ರ ಹಿಂದೆ ಏನೇ ಇದ್ದರೂ ನಿಯಮ ಮುರಿಯುವುದಿಲ್ಲ, 7ರ ಹಿಂದೆ ಸ್ವರ ಸಿಕ್ಕಿದರೆ ಮುರಿಯುತ್ತದೆ. ಇಂಥ ಪ್ರಯೋಗಗಳಲ್ಲಿ ಸರಿ ಹೇಳುವವರು ನೂರಕ್ಕೆ ಹತ್ತೂ ಸಿಗುವುದು ಕಷ್ಟ, ಅದೂ ಕಾಲೇಜಿನಲ್ಲಿ ಓದುವವರೇ.

ಈಗ ಸ್ವಾರಸ್ಯ ನೋಡಿ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಅಮೆರಿಕದ ಫ್ಲಾರಿಡಾದಲ್ಲಿ ಇದೇ ಪ್ರಶ್ನೆಯನ್ನು ವೇಷ ಬದಲಿಸಿ ಕೇಳಿದರು. ನೀವು ಪೊಲೀಸ್. ಬಿಯರ್ ಕುಡಿಯುವವರ ವಯಸ್ಸು 19 ದಾಟಿರಬೇಕು. ಒಬ್ಬ ಬಿಯರ್ ಕುಡಿಯುತ್ತಿದ್ದಾನೆ, ಒಬ್ಬ ಕೋಕ್, ಒಬ್ಬನ ವಯಸ್ಸು 22, ಒಬ್ಬನದು 16. ಯಾರನ್ನು ವಿಚಾರಿಸುತ್ತೀರಿ? ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನ ಸರಿಯಾಗಿ ಹೇಳಿದರು, ಬಿಯರ್ ಕುಡಿಯುವವನನ್ನು ಮತ್ತು 16ರ ಹುಡುಗನನ್ನು. ಲೆಕ್ಕ ಅದೇ, ತರ್ಕ ಅದೇ! ಇದಕ್ಕೆ ಕಾರಣ ಏನು ಅಂತ ತಜ್ಞರಲ್ಲಿ ಜಗಳ ಇನ್ನೂ ನಿಂತಿಲ್ಲ. ಆದರೆ ನಮಗೆ ಬೇಕಾದ ಉಪಾಯ ಇಲ್ಲೇ ಇದೆ ಅಂತ ನನ್ನ ನಂಬಿಕೆ: ನಿಯಮ ಮುರಿದವರನ್ನು ಹಿಡಿಯುವ ಕೆಲಸ ಕೊಟ್ಟರೆ ನಮ್ಮ ತಲೆ ಚುರುಕಾಗುತ್ತದೆ. ಬಸ್ಸಿಗೆ ಹತ್ತುವ ಚೆಕಿಂಗ್ ಇನ್‌ಸ್ಪೆಕ್ಟರ್ ಥರ ಯೋಚಿಸಿ. ಬಸ್ಸಲ್ಲಿ ಕೂತಿದ್ದರೆ ಟಿಕೆಟ್ ಇರಬೇಕು. ಟಿಕೆಟ್ ಹಿಡಿದು ಬಸ್‌ಸ್ಟ್ಯಾಂಡಲ್ಲಿ ನಿಂತವರ ಚಿಂತೆ ಇನ್‌ಸ್ಪೆಕ್ಟರಿಗಿಲ್ಲ. ಬಸ್ಸಲ್ಲಿ ಕೂತವರ ಜೇಬಲ್ಲಿ ಏನಿದೆ, ಟಿಕೆಟ್ ಇಲ್ಲದವರು ಎಲ್ಲಿದ್ದಾರೆ, ನೋಡುವುದು ಇವೆರಡನ್ನೇ.

ಪ್ರಶ್ನೆ ಇಂಗ್ಲಿಷಿನಲ್ಲಿ ಇರುವುದರಿಂದ ಎರಡು ಪದಗಳ ಹತ್ತಿರ ಎಲ್ಲರೂ ಎಡವುತ್ತಾರೆ, 'ಓನ್ಲಿ ಇಫ್' ಮತ್ತು 'ಅನ್‌ಲೆಸ್'. ಇವಕ್ಕೆ ಕೋಚಿಂಗ್ ನೋಟ್ಸ್‌ಗಳಲ್ಲಿ ಉದ್ದನೆಯ ಟೇಬಲ್ ಇರುತ್ತದೆ, ಅದನ್ನು ಉರು ಹೊಡೆಯುವುದು ದಂಡ ಅಂತಲೇ ನಾನು ಹೇಳುವುದು. ಇಲ್ಲೂ ಮಾತು ಮುರಿಯುವ ಜಾಗ ಹುಡುಕಿದರೆ ಸಾಕು. "ಫೀಸ್ ಕಟ್ಟಿದರೆ ಮಾತ್ರ ಹಾಲ್ ಟಿಕೆಟ್": ಇದು ಮುರಿಯುವುದು ಯಾವಾಗ? ಫೀಸ್ ಕಟ್ಟದವನ ಕೈಯಲ್ಲಿ ಹಾಲ್ ಟಿಕೆಟ್ ಸಿಕ್ಕಿದಾಗ. ಇಂಥ ಮಾತನ್ನು ಒಂದು ಬಾಣವಾಗಿ ಬರೆದುಕೊಳ್ಳಿ, 'ಹೀಗಾದರೆ' ಅನ್ನುವುದು ಬುಡದಲ್ಲಿ, 'ಹಾಗೆ' ಅನ್ನುವುದು ತುದಿಯಲ್ಲಿ. ಇಲ್ಲಿ ಬಾಣ ಹಾಲ್ ಟಿಕೆಟ್‌ನಿಂದ ಫೀಸ್ ಕಡೆಗೆ, ಓದಿದ ಕ್ರಮಕ್ಕೆ ಉಲ್ಟಾ. ಫೀಸ್ ಕಟ್ಟಿಯೂ ಫೋಟೋ ಸರಿ ಇಲ್ಲ ಅಂತ ಟಿಕೆಟ್ ಬರದೇ ಹೋದರೆ ಈ ಮಾತೇನೂ ಮುರಿದಿಲ್ಲ. "ಫೀಸ್ ಕಟ್ಟದ ಹೊರತು ಹಾಲ್ ಟಿಕೆಟ್ ಇಲ್ಲ" ಅಂದರೂ ಮುರಿಯುವ ಜಾಗ ಅದೇ, ಬಾಣವೂ ಅದೇ. ಬಾಣ ಎಳೆದ ಮೇಲೆ ನನ್ನದೊಂದು ಗುರುತು ಇದೆ: ಬಾಣದ ಬುಡದಲ್ಲಿ ಇರುವುದು 'ಸಾಕು', ತುದಿಯಲ್ಲಿ ಇರುವುದು 'ಬೇಕು'. ಹಾಲ್ ಟಿಕೆಟ್ ಕಂಡರೆ ಸಾಕು, ಫೀಸ್ ಕಟ್ಟಿದ್ದಾನೆ ಅನ್ನಬಹುದು. ಹಾಲ್ ಟಿಕೆಟ್‌ಗೆ ಫೀಸ್ ಬೇಕೇ ಬೇಕು. ಬೇಕು ಅಂದ ಮಾತ್ರಕ್ಕೆ ಅಷ್ಟೇ ಸಾಕಾ? ಗೇಟ್ ಕ್ವಾಲಿಫೈ ಆಗಿ ಎಂ.ಟೆಕ್ ಸೀಟಿಗೆ ಓಡಾಡಿದವರನ್ನು ಕೇಳಿ, ಹೇಳುತ್ತಾರೆ.

'ಎಲ್ಲಾ' ಅಂತ ಶುರುವಾಗುವ ವಾಕ್ಯಗಳೂ ಇದೇ ಕುಟುಂಬದವು, ಬಾಣ ಎಳೆಯಬಹುದು. 'ಕೆಲವು' ಅನ್ನುವುದಕ್ಕೆ ಬಾಣ ಎಳೆಯಬೇಡಿ, ಅದಕ್ಕೆ ಒಂದರ ಮೇಲೊಂದು ಹಾಯುವ ವೃತ್ತ ಬರೆಯುವುದೇ ಸರಿ.

ಈಗ ಒಂದು ಪೂರ್ತಿ ಪ್ರಶ್ನೆ, ನಾನೇ ಕಟ್ಟಿದ್ದು. ಅನಿತಾ ಟ್ರೆಕ್ಕಿಂಗ್‌ಗೆ ಬಂದರೆ ಬಸವರಾಜನೂ ಬರುತ್ತಾನೆ. ಚೈತ್ರಾ ಬರದಿದ್ದರೆ ಬಸವರಾಜ ಬರುವುದಿಲ್ಲ. ದಿನೇಶ ಬಂದರೆ ಚೈತ್ರಾ ಬರುವುದಿಲ್ಲ. ದಿನೇಶ, ಈರಣ್ಣ ಇಬ್ಬರಲ್ಲಿ ಒಬ್ಬರಾದರೂ ಬಂದೇ ಬರುತ್ತಾರೆ. ಇವುಗಳಲ್ಲಿ ಖಂಡಿತ ನಿಜ ಯಾವುದು: ಈರಣ್ಣ ಬಂದರೆ ಅನಿತಾ ಬರುತ್ತಾಳೆ, ದಿನೇಶ ಬಂದರೆ ಈರಣ್ಣ ಬರುವುದಿಲ್ಲ, ಈರಣ್ಣ ಬರದಿದ್ದರೆ ಅನಿತಾ ಬರುವುದಿಲ್ಲ, ಚೈತ್ರಾ ಬಂದರೆ ಬಸವರಾಜ ಬರುತ್ತಾನೆ.

ಎರಡು ದಾರಿ ಇವೆ. ಮೊದಲನೆಯದು ಸರಪಳಿ. ಅನಿತಾ ಬಂದರೆ ಬಸವರಾಜ. ಬಸವರಾಜ ಬಂದರೆ ಚೈತ್ರಾ ಬಂದಿರಲೇಬೇಕು (ಎರಡನೇ ಮಾತನ್ನು ತಿರುಗಿಸಿ, ಎರಡೂ ಕಡೆಯ 'ಇಲ್ಲ' ತೆಗೆದು ಓದಿದ್ದು). ಚೈತ್ರಾ ಬಂದರೆ ದಿನೇಶ ಇಲ್ಲ, ದಿನೇಶ ಇಲ್ಲ ಅಂದರೆ ಈರಣ್ಣ ಇದ್ದಾನೆ. ಅನಿತಾಳಿಂದ ಹೊರಟ ಬಾಣ ಈರಣ್ಣನ ಹತ್ತಿರ ಬಂದು ನಿಂತಿತು. ಹಾಗಾಗಿ ಈರಣ್ಣ ಇಲ್ಲ ಅಂದರೆ ಅನಿತಾ ಇಲ್ಲ. ಮೂರನೇ ಆಯ್ಕೆ.

ಎರಡನೇ ದಾರಿ ನನಗೆ ಹೆಚ್ಚು ಇಷ್ಟ. ಒಂದೊಂದೇ ಆಯ್ಕೆ ತೆಗೆದುಕೊಂಡು ಅದನ್ನು ಕೊಲ್ಲಲು ನೋಡುವುದು. ಕೊಟ್ಟ ನಾಲ್ಕೂ ಮಾತು ಉಳಿಯಬೇಕು, ಆಯ್ಕೆ ಮಾತ್ರ ಸಾಯಬೇಕು. ಈರಣ್ಣ ಒಬ್ಬನೇ ಬಂದ, ಬೇರೆ ಯಾರೂ ಬರಲಿಲ್ಲ ಅಂದುಕೊಳ್ಳಿ. ಕೊಟ್ಟ ಮಾತು ಯಾವುದಾದರೂ ಮುರಿಯಿತಾ? ಇಲ್ಲ. ಮೊದಲ ಆಯ್ಕೆ ಸತ್ತಿತು. ದಿನೇಶ ಮತ್ತು ಈರಣ್ಣ ಇಬ್ಬರೇ ಬಂದರು ಅನ್ನಿ, ಎರಡನೆಯದೂ ಹೋಯಿತು. 'ಒಬ್ಬರಾದರೂ' ಅಂದರೆ ಇಬ್ಬರೂ ಬರಬಹುದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಚೈತ್ರಾ, ಈರಣ್ಣ ಬಂದು ಬಸವರಾಜ ಮನೆಯಲ್ಲೇ ಉಳಿದರೆ ನಾಲ್ಕನೆಯದೂ ಮಣ್ಣು ಮುಕ್ಕಿತು. ಮೂರನೆಯದನ್ನು ಕೊಲ್ಲಲು ಹೋಗಿ: ಈರಣ್ಣ ಇಲ್ಲದೆ ಅನಿತಾಳನ್ನು ಕರೆತರಬೇಕು. ಬಸವರಾಜನನ್ನು ಕರೆಯಬೇಕಾಗುತ್ತದೆ, ಅವನಿಗಾಗಿ ಚೈತ್ರಾಳನ್ನು, ಆಗ ದಿನೇಶನೂ ಇಲ್ಲ ಈರಣ್ಣನೂ ಇಲ್ಲ, ಕೊನೇ ಮಾತು ಮುರಿಯಿತು. ಆಗುವುದೇ ಇಲ್ಲ.

ಸರಪಳಿ ಬೇಗ ಆಗುತ್ತದೆ, ಆದರೆ ಒಂದು ಬಾಣ ತಪ್ಪಿದರೆ ಎಲ್ಲಾ ತಪ್ಪು, ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಕೊಲ್ಲುವ ದಾರಿ ಸ್ವಲ್ಪ ನಿಧಾನ, ಆದರೆ ಉತ್ತರದ ಮೇಲೆ ನಂಬಿಕೆ ಬರುತ್ತದೆ. ಎರಡಂಕದ ಬಹು ಆಯ್ಕೆ ಪ್ರಶ್ನೆ ತಪ್ಪಾದರೆ ಮೂರನೇ ಎರಡು ಅಂಕ ಕತ್ತರಿಸುವ ಪರೀಕ್ಷೆ ಇದು, ಒಂದಂಕದ್ದಕ್ಕೆ ಮೂರನೇ ಒಂದು. ಹಾಗಾಗಿ ನಾನಂತೂ ಸರಪಳಿಯಲ್ಲಿ ಉತ್ತರ ಹುಡುಕಿ, ಉಳಿದ ಆಯ್ಕೆಗಳಲ್ಲಿ ತುಂಬಾ ಆಸೆ ಹುಟ್ಟಿಸುವ ಒಂದನ್ನಾದರೂ ಕೊಂದು ಮುಂದೆ ಹೋಗಿ ಅನ್ನುತ್ತೇನೆ. ಸ್ಕ್ರಿಬಲ್ ಪ್ಯಾಡ್ ಕೊಡುತ್ತಾರೆ, ಬಾಣಗಳನ್ನು ಅದರಲ್ಲಿ ದೊಡ್ಡದಾಗಿ ಬರೆಯಿರಿ, ತಲೆಯಲ್ಲೇ ಇಟ್ಟುಕೊಳ್ಳಬೇಡಿ.

ಬೇರೆ ಪರೀಕ್ಷೆ ಬರೆಯುವವರಿಗೂ ಇದು ಬೇಕಾಗುತ್ತದೆ. ಅಮೆರಿಕದ ಲಾ ಸ್ಕೂಲ್‌ಗಳಿಗೆ ಬರೆಯುವ ಎಲ್‌ಸ್ಯಾಟ್‌ನಲ್ಲಿ ಲಾಜಿಕ್ ಗೇಮ್ಸ್ ಭಾಗವನ್ನು 2024ರ ಆಗಸ್ಟ್‌ನಿಂದ ತೆಗೆದಿದ್ದಾರೆ, ಆದರೂ ಲಾಜಿಕಲ್ ರೀಸನಿಂಗ್‌ನಲ್ಲಿ ಈ ಬಾಣಗಳಿಲ್ಲದೆ ನಡೆಯುವುದಿಲ್ಲ. ಎಂಬಿಎಗೆ ಅಂತ ಕ್ಯಾಟ್ ಬರೆಯುವವರ ಕಥೆಯೂ ಅಷ್ಟೇ.

ಇನ್ನೊಂದು ಕಟ್ಟಿದ್ದೇನೆ, ಇದನ್ನು ನೀವೇ ಬಿಡಿಸಿ. ಲ್ಯಾಬ್ ತೆರೆದಿದ್ದರೆ ಮಾತ್ರ ಪ್ರಾಜೆಕ್ಟ್ ಕೆಲಸ ನಡೆಯುತ್ತದೆ. ಅಟೆಂಡರ್ ರಜೆ ಹಾಕಿದರೆ ಲ್ಯಾಬ್ ತೆರೆಯುವುದಿಲ್ಲ. ಸೋಮವಾರ ಪ್ರಾಜೆಕ್ಟ್ ಕೆಲಸ ನಡೆಯಿತು, ಮಂಗಳವಾರ ನಡೆಯಲಿಲ್ಲ. ಅಟೆಂಡರ್ ಸೋಮವಾರ ರಜೆಯಲ್ಲಿದ್ದರಾ? ಮಂಗಳವಾರ? ಒಂದಕ್ಕೆ ಖಚಿತ ಉತ್ತರ ಇದೆ, ಇನ್ನೊಂದಕ್ಕೆ ಇಲ್ಲ. ಯಾವುದಕ್ಕೆ ಇಲ್ಲವೋ ಅದಕ್ಕೆ ಎರಡು ಬೇರೆ ಬೇರೆ ಕಥೆ ಕಟ್ಟಿ ನೋಡಿ: ಒಂದರಲ್ಲಿ ಅವರು ರಜೆಯಲ್ಲಿರಲಿ, ಇನ್ನೊಂದರಲ್ಲಿ ಕೆಲಸಕ್ಕೆ ಬಂದಿರಲಿ, ಎರಡರಲ್ಲೂ ಕೊಟ್ಟ ಮಾತು ಮುರಿಯಬಾರದು.